ಕ್ಯಾರಿಯಲ್ಲಿ ಮನೆ ಕೊಳ್ಳೋರಿಗೆ: ಮೊದಲು ಬೀದಿ, ಆಮೇಲೆ ಮನೆ

ಯುಗಾದಿ ಕಳೆಯುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಕ್ಕಾ, ಬಾಡಿಗೆ ಕಟ್ಟಿ ಕಟ್ಟಿ ಸಾಕಾಯ್ತು. ಮನೆ ನೋಡ್ತಿದೀವಿ. ಯಾವ ಕಡೆ ತಗೊಂಡ್ರೆ ಒಳ್ಳೇದು?" ಕೇಳುವವರು ಹೆಚ್ಚಾಗಿ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿ, ನ್ಯೂಜೆರ್ಸಿಯಿಂದಲೋ ಟೆಕ್ಸಾಸಿನಿಂದಲೋ ನಾರ್ತ್ ಕ್ಯಾರೊಲಿನಾಕ್ಕೆ ಬಂದವರು. ನಾನು ಏಜೆಂಟ್ ಅಲ್ಲ, ಸಾಲ ಕೊಡಿಸುವವಳೂ ಅಲ್ಲ. ಅದೇ ರಾಜ್ಯದ ಕ್ಯಾರಿ ಊರಲ್ಲಿ ತುಂಬಾ ವರ್ಷದಿಂದ ಇದ್ದೇನೆ, ಕನ್ನಡ ಸಂಘದ ಹಬ್ಬಗಳಲ್ಲಿ ಅಡುಗೆ ಉಸ್ತುವಾರಿ ನೋಡಿಕೊಳ್ಳುತ್ತೇನೆ. ತರಕಾರಿ ಹೆಚ್ಚುತ್ತಾ ಕೂತ ಜನ ಮನೆ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಹಾಗೆ ಕಿವಿಗೆ ಬಿದ್ದದ್ದು, ಕಣ್ಣಲ್ಲಿ ಕಂಡದ್ದು ಒಂದಷ್ಟಿದೆ.

ಎಲ್ಲರಿಗೂ ಮೊದಲು ಹೇಳುವುದು ಒಂದೇ. ಮನೆಯೊಳಗಿನ ಗ್ರಾನೈಟ್, ಕಾರ್ಪೆಟ್, ಗೋಡೆ ಬಣ್ಣ ಎಲ್ಲವನ್ನೂ ಬದಲಾಯಿಸಬಹುದು. ಬೀದಿ, ಶಾಲೆ, ಅಕ್ಕಪಕ್ಕದವರು, ತಲೆ ಮೇಲೆ ಹಾರುವ ವಿಮಾನ, ಇವು ಬಂದ ಹಾಗೆ ಇಟ್ಟುಕೊಳ್ಳಬೇಕು. ಆದ್ದರಿಂದ ಮೊದಲು ಬೀದಿ ಆರಿಸಿ.

ಬೀದಿ ನೋಡುವುದು

"ಇಂಡಿಯನ್ಸ್ ಜಾಸ್ತಿ ಇರೋ ಕಡೆ ತೋರಿಸಿ" ಅಂತ ಏಜೆಂಟನ್ನು ಕೇಳಿದರೆ ಅವರು ನಕ್ಕು ಮಾತು ಬದಲಿಸುತ್ತಾರೆ. ಅದು ಅಸಡ್ಡೆ ಅಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ, ಧರ್ಮ, ಹುಟ್ಟಿದ ದೇಶ ನೋಡಿ ಯಾರನ್ನೂ ಒಂದು ಬಡಾವಣೆ ಕಡೆಗೆ ತಿರುಗಿಸುವ ಹಾಗಿಲ್ಲ. ಶಾಲೆ ಚೆನ್ನಾಗಿದೆಯಾ ಅಂತ ಕೇಳಿದರೂ ವೆಬ್‌ಸೈಟ್ ನೋಡಿ ಅನ್ನುತ್ತಾರೆ. ಅಲ್ಲಿಗೆ, ನೆರೆಹೊರೆ ಹೇಗಿದೆ ಅಂತ ತಿಳಿಯುವ ಕೆಲಸ ಪೂರ್ತಿ ನಿಮ್ಮದೇ.

ಭಾನುವಾರದ ಓಪನ್ ಹೌಸ್ ಇದಕ್ಕೆ ಸಾಲದು. ವಾರದ ದಿನ ಬೆಳಿಗ್ಗೆ ಶಾಲಾ ಬಸ್ ಬರುವ ಹೊತ್ತಿಗೆ ಒಮ್ಮೆ ಹೋಗಿ. ಸಂಜೆ ಆರರ ಮೇಲೆ ಇನ್ನೊಮ್ಮೆ ಹೋಗಿ, ಕಾರು ನಿಲ್ಲಿಸಿ ನಡೆಯಿರಿ. ಬಾಗಿಲ ಹೊರಗೆ ಚಪ್ಪಲಿ ಸಾಲು, ಮಾಸಿದ ರಂಗೋಲಿ, ತುಳಸಿ ಕುಂಡ, ಹುಲ್ಲಿನ ಮೇಲೆ ಬಿದ್ದ ಮಕ್ಕಳ ಸೈಕಲ್ ಇವೆಲ್ಲ ಕಾಣುತ್ತವೆ. ಗಿಡಕ್ಕೆ ನೀರು ಹಾಕುತ್ತಿರುವವರನ್ನು ಮಾತಾಡಿಸಿ. ಇದು ದಕ್ಷಿಣದ ಊರು. ಗುರುತಿಲ್ಲದವರಿಗೂ ಕೈ ಬೀಸುತ್ತಾರೆ, ಮಾತಿಗೆ ನಿಂತರೆ ಬೇಗ ಬಿಡುವುದಿಲ್ಲ. "ಜೋರು ಮಳೆ ಬಂದ್ರೆ ಈ ಬೀದೀಲಿ ನೀರು ನಿಲ್ಲುತ್ತಾ? ಎಚ್‌ಒಎ ಕಾಟ ಜಾಸ್ತೀನಾ? ಈ ಮನೆಯವರು ಯಾಕೆ ಹೋಗ್ತಿದಾರೆ?" ಅಂತ ನೇರವಾಗಿ ಕೇಳಿ (ಎಚ್‌ಒಎ ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ). ಮಾರಾಟದ ಜಾಹೀರಾತಿನಲ್ಲಿ ಇಲ್ಲದ್ದೆಲ್ಲ ಬರುತ್ತದೆ.

ಅವರೂ ಕೇಳುತ್ತಾರೆ. ಯಾವ ಚರ್ಚಿಗೆ ಹೋಗ್ತೀರಿ ಅಂದರೆ ಮುಜುಗರ ಬೇಡ. ನಮ್ಮ ಕಡೆ "ಯಾವೂರು, ಯಾರ ಪೈಕಿ" ಅಂತ ಕೇಳುವ ಹಾಗೆ ಅದು. ದೇವಸ್ಥಾನದ ಹೆಸರು ಹೇಳಿ, ಮಾತು ಮುಂದುವರಿಯುತ್ತದೆ. ಡ್ಯೂಕ್, ಯುಎನ್‌ಸಿ, ಎನ್‌ಸಿ ಸ್ಟೇಟ್, ಆಟದಲ್ಲಿ ಒಂದಕ್ಕೊಂದು ಎದುರಾಳಿಯಾದ ಈ ವಿಶ್ವವಿದ್ಯಾಲಯಗಳಲ್ಲಿ ನಿಮ್ಮ ತಂಡ ಯಾವುದು ಅಂತ ಕೇಳಿದರೆ ಮಾತ್ರ, ಉತ್ತರ ಕೊಡುವ ಮೊದಲು ಅವರ ಬಾಗಿಲಲ್ಲಿ ಯಾವ ಬಾವುಟ ಇದೆ ಅಂತ ನೋಡಿಕೊಳ್ಳಿ.

ನಮ್ಮವರು ಜಾಸ್ತಿ ಸೇರಿರುವುದು ಪಶ್ಚಿಮ ಕ್ಯಾರಿ ಮತ್ತು ಪಕ್ಕದ ಮಾರಿಸ್‌ವಿಲ್‌ನಲ್ಲಿ. ಶ್ರೀ ವೆಂಕಟೇಶ್ವರ ದೇವಸ್ಥಾನ ಕ್ಯಾರಿಯಲ್ಲಿದೆ. 2022ರ ದೀಪಾವಳಿಯಂದು ಅಲ್ಲಿ 87 ಅಡಿಯ ರಾಜಗೋಪುರ ಉದ್ಘಾಟನೆ ಆಯಿತು. ಹಿಂದೂ ಸೊಸೈಟಿಯ ದೇವಸ್ಥಾನ ಮಾರಿಸ್‌ವಿಲ್‌ನಲ್ಲಿದೆ. ಅಲ್ಲಿನ ಚರ್ಚ್ ಸ್ಟ್ರೀಟ್ ಪಾರ್ಕಿನಲ್ಲಿ 2023 ಮತ್ತು 2024ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳೇ ನಡೆದವು. ಇಷ್ಟೆಲ್ಲ ಹತ್ತಿರ ಇದ್ದರೆ ಬೆಲೆಯೂ ಹಾಗೇ ಇರುತ್ತದೆ. ನನ್ನನ್ನು ಕೇಳಿದರೆ, ದೇವಸ್ಥಾನಕ್ಕೆ ಐದು ನಿಮಿಷ ಹತ್ತಿರ ಅಂತ ಕೈಮೀರಿ ದುಡ್ಡು ಕೊಡಬೇಡಿ. ಏಪೆಕ್ಸ್, ಹಾಲಿ ಸ್ಪ್ರಿಂಗ್ಸ್, ದಕ್ಷಿಣ ಡರ್ಹಾಮ್ ಎಲ್ಲ ಕಡೆ ಈಗ ಕನ್ನಡದ ಮನೆಗಳಿವೆ. ವಾರಕ್ಕೊಮ್ಮೆ ಹೋಗುವ ಜಾಗಕ್ಕಿಂತ ದಿನಾ ಹೋಗುವ ಆಫೀಸಿನ ದಾರಿ ಮುಖ್ಯ. ಐ-40 ಹೆದ್ದಾರಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಒಮ್ಮೆ ಕಾರು ಓಡಿಸಿ ನೋಡಿ. 540 ಹೆದ್ದಾರಿಯಲ್ಲಿ ಹೋಗುವುದಾದರೆ ತಿಂಗಳ ಟೋಲ್ ಲೆಕ್ಕ ಹಾಕಿ.

ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವವರಿದ್ದರೆ ಅವರ ಕಾಲಿನ ಲೆಕ್ಕದಲ್ಲಿ ಬೀದಿ ನೋಡಿ. ಅವರು ಕಾರು ಓಡಿಸುವುದಿಲ್ಲ. ಬಸ್ಸು ಇದೆ, ಆದರೆ ಎಲ್ಲ ಬಡಾವಣೆಗೂ ಬರುವುದಿಲ್ಲ. ಫುಟ್‌ಪಾತ್ ಇದೆಯಾ, ಗ್ರೀನ್‌ವೇ, ಅಂದರೆ ಮರಗಳ ನಡುವಿನ ವಾಕಿಂಗ್ ದಾರಿ, ಎಷ್ಟು ದೂರ, ಕೂರಲು ಬೆಂಚು ಇದೆಯಾ ನೋಡಿ. ಪಶ್ಚಿಮ ಕ್ಯಾರಿಯ ಕೆಲವು ಪಾರ್ಕುಗಳಲ್ಲಿ ಸಂಜೆ ಹೊತ್ತು ಸೀರೆ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿಯರ ಗುಂಪು ಸುತ್ತು ಹೊಡೆಯುತ್ತಿರುತ್ತದೆ. ಅಂಥ ಗುಂಪು ಸಿಕ್ಕ ಅತ್ತೆ "ಯಾವಾಗ ವಾಪಸ್ ಟಿಕೆಟ್" ಅಂತ ಕೇಳುವುದಿಲ್ಲ. ಮನೆಯಲ್ಲಿ ಕೆಳಗಡೆಯೇ ಒಂದು ರೂಮು, ಸ್ನಾನದ ಮನೆ ಇದ್ದರೆ ಅವರ ಮೊಣಕಾಲಿಗೂ ಒಳ್ಳೆಯದು.

ವಿಮಾನದ ಸದ್ದು ಮಾರಿಸ್‌ವಿಲ್ ಕಡೆ ಇದೆ. ಸಂಜೆ ಹಿತ್ತಲಿನಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ಕೇಳಿ.

ಶಾಲೆಯ ಕ್ಯಾಲೆಂಡರ್

ಕ್ಯಾರಿಯ ಬಹುಭಾಗ ವೇಕ್ ಕೌಂಟಿಯಲ್ಲಿದೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಇಲ್ಲಿ ವಿಳಾಸಕ್ಕೆ ತಕ್ಕಂತೆ ಶಾಲೆ ಕೊಡುತ್ತಾರೆ. ಎದುರು ಬದಿಯ ಮನೆಗೆ ಬೇರೆ ಶಾಲೆ ಬರಬಹುದು. ಜಾಹೀರಾತಿನಲ್ಲಿ ಬರೆದ ಶಾಲೆಯ ಹೆಸರನ್ನು ನಂಬಬೇಡಿ. ಶಾಲಾ ಮಂಡಳಿಯ ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿ ನೋಡಿ. ಕೆಲವು ಶಾಲೆಗಳು ಭರ್ತಿಯಾಗಿ ಹೊಸಬರಿಗೆ ಬಾಗಿಲು ಹಾಕಿರುತ್ತವೆ. ಆಗ ಶಾಲೆಯ ಎದುರಲ್ಲೇ ಮನೆ ಇದ್ದರೂ ನಿಮ್ಮ ಮಗು ಬಸ್ಸು ಹತ್ತಿ ಬೇರೆ ಕಡೆ ಹೋಗಬೇಕು. ಇನ್ನೊಂದು ವಿಷಯ: ವಿಳಾಸದಲ್ಲಿ ಕ್ಯಾರಿ ಅಂತ ಇದ್ದ ಮಾತ್ರಕ್ಕೆ ವೇಕ್ ಕೌಂಟಿ ಅಂತಲ್ಲ. ಪಶ್ಚಿಮದ ಅಂಚಿನಲ್ಲಿ ಊರು ಚಾಟಮ್ ಕೌಂಟಿಗೆ ದಾಟುತ್ತದೆ. ಅಲ್ಲಿ ಶಾಲೆ, ತೆರಿಗೆ ಎರಡೂ ಬೇರೆ.

ಹೊಸಬರಿಗೆ ತಲೆ ಕೆಡಿಸುವುದು ಇಯರ್-ರೌಂಡ್ ಶಾಲೆ. ಒಂಬತ್ತು ವಾರ ಪಾಠ, ಮೂರು ವಾರ ರಜೆ, ವರ್ಷವಿಡೀ ಹೀಗೆ. ಶಾಲಾ ವರ್ಷ ಜುಲೈನಲ್ಲೇ ಶುರು. ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋಗುವ ಅಭ್ಯಾಸ ಇದ್ದರೆ ಅದು ಹೋಯಿತು ಅಂದುಕೊಳ್ಳಿ. ದೊಡ್ಡವಳು ಹೈಸ್ಕೂಲಿನಲ್ಲಿ ಹಳೆ ಪದ್ಧತಿಯ ಕ್ಯಾಲೆಂಡರ್, ಚಿಕ್ಕವನು ಇಯರ್-ರೌಂಡ್ ಅಂದರೆ ಇಬ್ಬರ ರಜೆ ಸೇರುವುದೇ ಕಷ್ಟ. ಕೆಲವರಿಗೆ ಇದೇ ಇಷ್ಟ, ಅಕ್ಟೋಬರ್‌ನಲ್ಲಿ ಟಿಕೆಟ್ ಅಗ್ಗ ಅನ್ನುತ್ತಾರೆ. ಏನೇ ಆಗಲಿ, ಸಹಿ ಹಾಕುವ ಮೊದಲು ಗೊತ್ತಿರಲಿ.

ಡ್ಯೂ ಡಿಲಿಜೆನ್ಸ್: ಇಲ್ಲಿ ನಿಧಾನಕ್ಕೆ ಓದಿ

ಬೇರೆ ರಾಜ್ಯದಲ್ಲಿ ಮನೆ ಕೊಂಡವರೂ ಎಡವುವುದು ಇಲ್ಲೇ. ಮಂಡ್ಯದ ಹುಡುಗನೊಬ್ಬ ಕೇಳಿದ್ದ, "ಡ್ಯೂ ಡಿಲಿಜೆನ್ಸ್ ಫೀ ಅಂದ್ರೆ ಟೋಕನ್ ಅಡ್ವಾನ್ಸ್ ತಾನೆ ಅಕ್ಕಾ?" ಅಲ್ಲ ಕಣಪ್ಪಾ.

ನಾರ್ತ್ ಕ್ಯಾರೊಲಿನಾದಲ್ಲಿ ಆಫರ್ ಒಪ್ಪಿದ ಮೇಲೆ ಎರಡು ಬಗೆಯ ದುಡ್ಡು ಕೊಡುತ್ತೀರಿ. ಒಂದು ಡ್ಯೂ ಡಿಲಿಜೆನ್ಸ್ ಫೀ, ಅಂದರೆ ಮನೆ ಪರೀಕ್ಷೆ ಮಾಡಿಸಿ ಯೋಚಿಸಲು ಸಿಗುವ ಅವಧಿಗೆ ಕೊಡುವ ದುಡ್ಡು. ಅದು ನೇರ ಮಾರುವವರ ಕೈಗೆ ಹೋಗುತ್ತದೆ. ನೀವು ಮನಸ್ಸು ಬದಲಿಸಿದರೆ ವಾಪಸ್ ಇಲ್ಲ. ಮಾರುವವರೇ ಒಪ್ಪಂದ ಮುರಿದರೆ ಮಾತ್ರ ಕೇಳಬಹುದು. ಇನ್ನೊಂದು ಅರ್ನೆಸ್ಟ್ ಮನಿ, ಕೊಳ್ಳುವ ಖಾತ್ರಿಗೆ ಇಡುವ ಠೇವಣಿ. ಅದು ವಕೀಲರ ಅಥವಾ ಏಜೆನ್ಸಿಯ ಎಸ್ಕ್ರೋ ಖಾತೆಯಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ದುಡ್ಡು ಕಾದಿಡುವ ಖಾತೆಯಲ್ಲಿ, ಇರುತ್ತದೆ. ಒಪ್ಪಂದದಲ್ಲಿ ಬರೆದ ಆ ಪರೀಕ್ಷೆಯ ಅವಧಿಯೊಳಗೆ ಬೇಡ ಅಂದರೆ ಅದು ವಾಪಸ್. ಕಾರಣ ಹೇಳಬೇಕಾಗಿಲ್ಲ, ಅಡುಗೆಮನೆ ದಿಕ್ಕು ಸರಿಯಿಲ್ಲ ಅಂತ ಬಿಟ್ಟರೂ ನಡೆಯುತ್ತದೆ. ಮನೆ ಕೊಂಡರೆ ಎರಡೂ ಬೆಲೆಯಲ್ಲಿ ವಜಾ ಆಗುತ್ತವೆ.

ಒಂದು ಉದಾಹರಣೆ ನೋಡಿ. 5 ಲಕ್ಷ ಡಾಲರ್ ಮನೆಗೆ 5,000 ಡ್ಯೂ ಡಿಲಿಜೆನ್ಸ್, 10,000 ಅರ್ನೆಸ್ಟ್ ಮನಿ ಇಟ್ಟಿರಿ ಅಂದುಕೊಳ್ಳಿ. ಅವಧಿಯೊಳಗೆ ಬಿಟ್ಟರೆ 5,000 ಹೋಯಿತು. ಅವಧಿ ಮುಗಿದ ಮೇಲೆ ಬಿಟ್ಟರೆ 15,000 ಹೋಯಿತು. ಅವಧಿ ಮುಗಿಯುವುದು ಆ ದಿನ ಸಂಜೆ 5 ಗಂಟೆಗೆ. 5 ಗಂಟೆ ಅಂದರೆ 5 ಗಂಟೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. 2021-22ರ ನೂಕುನುಗ್ಗಲಿನಲ್ಲಿ ಜನ ಈ ಫೀಯನ್ನೇ ಹತ್ತಾರು ಸಾವಿರ ಡಾಲರ್‌ಗೆ ಏರಿಸಿಬಿಟ್ಟಿದ್ದರು. ಏಜೆಂಟ್ ಈಗಲೂ "ಜಾಸ್ತಿ ಇಟ್ಟರೆ ಆಫರ್ ಗಟ್ಟಿ" ಅನ್ನಬಹುದು. ನಿಜವೇ. ಆದರೆ ಕಳೆದುಕೊಂಡರೆ ನಿದ್ದೆ ಕೆಡದಷ್ಟು ಮಾತ್ರ ಇಡಿ, ಬದಲಿಗೆ ಬೇರೆ ಕಡೆ ಸಡಿಲ ಬಿಡಿ. ಮಾರುವವರಿಗೆ ಬೇಕಾದ ತಾರೀಕಿಗೆ ಒಪ್ಪುವುದೂ ಆಫರ್ ಗಟ್ಟಿ ಮಾಡುತ್ತದೆ.

ಮನೆಯ ದೋಷಗಳ ಬಗ್ಗೆ ಮಾರುವವರು ತುಂಬಿಕೊಡುವ ಡಿಸ್‌ಕ್ಲೋಷರ್ ಫಾರಂ ನೋಡಿ ಸಮಾಧಾನ ಪಡಬೇಡಿ. ಅದರಲ್ಲಿ ಹೌದು, ಇಲ್ಲ ಜೊತೆಗೆ "ನೋ ರೆಪ್ರೆಸೆಂಟೇಷನ್" ಅಂತ ಮೂರನೇ ಕಾಲಂ ಇದೆ. ಅಂದರೆ ಗೊತ್ತಿದ್ದರೂ ಹೇಳುವುದಿಲ್ಲ ಅನ್ನಬಹುದು, ಕಾನೂನು ಬಿಡುತ್ತದೆ. ಹುಡುಕುವ ಹೊಣೆ ಕೊಳ್ಳುವವರದ್ದೇ. ಅದಕ್ಕೇ ಆಫರ್ ಹಾಕುವ ಮೊದಲೇ ಮನೆ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಹೆಸರು ಗೊತ್ತು ಮಾಡಿಟ್ಟುಕೊಳ್ಳಿ. ಅವಧಿ ಶುರುವಾದ ಮರುದಿನವೇ ಬುಕ್ ಮಾಡಿ. ಗಡುವಿನ ಹಿಂದಿನ ದಿನ ವರದಿ ಬಂದರೆ ರಿಪೇರಿ ಚೌಕಾಸಿಗೆ ಸಮಯವೇ ಇರುವುದಿಲ್ಲ.

ಹೊಸ ಮನೆ ಆದರೆ ಕಥೆ ಬೇರೆ. ಬಿಲ್ಡರ್ ತನ್ನದೇ ಒಪ್ಪಂದ ಕೊಡುತ್ತಾನೆ, ಠೇವಣಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮಾದರಿ ಮನೆಯಲ್ಲಿ ಕಾಫಿ ಕೊಟ್ಟು ನಗುನಗುತ್ತಾ ಮಾತಾಡುವವರು ಬಿಲ್ಡರ್ ಕಡೆಯವರು. ನಿಮ್ಮ ಏಜೆಂಟನ್ನು ಮೊದಲ ಭೇಟಿಗೇ ಕರೆದುಕೊಂಡು ಹೋಗಿ. ಗೋಡೆಯ ಒಳಗಿನದ್ದನ್ನು ಮುಚ್ಚುವ ಡ್ರೈವಾಲ್ ಹಲಗೆ ಹೊಡೆಯುವ ಮೊದಲು ನಿಮ್ಮ ಕಡೆಯ ಇನ್‌ಸ್ಪೆಕ್ಟರ್ ಒಮ್ಮೆ ನೋಡಲಿ.

ನೆಲದಡಿ ಬಗ್ಗಿ ನೋಡಿ

ಇಲ್ಲಿನ ಹಳೆ ಮನೆಗಳಲ್ಲಿ ಬಹಳಷ್ಟು ನೆಲಕ್ಕೆ ತಾಗಿರುವುದಿಲ್ಲ. ಕೆಳಗೆ ಕ್ರಾಲ್ ಸ್ಪೇಸ್ ಇರುತ್ತದೆ, ಅಂದರೆ ತೆವಳಿಕೊಂಡು ಹೋಗುವಷ್ಟು ಎತ್ತರದ ಖಾಲಿ ಜಾಗ. ಬೇಸಿಗೆಯ ಸೆಖೆ, ಕೆಳಗೆ ಕೆಂಪು ಜೇಡಿಮಣ್ಣು, ನೀರು ಇಂಗುವುದು ನಿಧಾನ. ಮೇಲೆ ಮನೆ ಮಿರಿಮಿರಿ ಹೊಳೆಯುತ್ತಿದ್ದರೂ ಕೆಳಗೆ ತೊಲೆಗಳಿಗೆ ಬೂಷ್ಟು ಹಿಡಿದಿರಬಹುದು. ಮಳೆ ಬಂದ ಮರುದಿನ ಹೋಗಿ ಆ ಪುಟ್ಟ ಬಾಗಿಲು ತೆಗೆದು ಟಾರ್ಚ್ ಬಿಡಿ. ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಪೂರ್ತಿ ಹಾಸಿದೆಯಾ? ಅದರ ಮೇಲೆ ನೀರು ನಿಂತಿದೆಯಾ? ತೊಲೆಗಳ ನಡುವಿನ ಹತ್ತಿಯಂಥ ಇನ್ಸುಲೇಷನ್ ಒದ್ದೆಯಾಗಿ ಜೋತು ಬಿದ್ದಿದೆಯಾ? ಹಸಿ ಮಣ್ಣಿನ ಕಮಟು ವಾಸನೆ ಮೂಗಿಗೆ ಬಡಿಯುತ್ತದಾ? ಗೆದ್ದಲು ಈ ಕಡೆ ಜಾಸ್ತಿ, ಅದಕ್ಕೆ ಬೇರೆಯೇ ಪರೀಕ್ಷೆ ಮಾಡಿಸಿ, ಖರ್ಚು ದೊಡ್ಡದಲ್ಲ.

1978ರಿಂದ 1995ರ ನಡುವೆ ಕಟ್ಟಿದ ಮನೆ ಆದರೆ ನೀರಿನ ಪೈಪ್ ನೋಡಿ. ಗೀಸರ್ ಹತ್ತಿರ ಬೂದು ಬಣ್ಣದ ಪ್ಲಾಸ್ಟಿಕ್ ಪೈಪ್ ಕಂಡರೆ ಅದು ಪಾಲಿಬ್ಯೂಟಿಲೀನ್ ಇರಬಹುದು. ಒಡೆಯುವುದಕ್ಕೆ ಹೆಸರಾದ ಮಾಲು, ಕೆಲವು ಇನ್ಶೂರೆನ್ಸ್ ಕಂಪನಿಗಳು ಮುಖ ತಿರುಗಿಸುತ್ತವೆ. ಹಿತ್ತಲಲ್ಲಿ ತೊರೆ ಹರಿಯುತ್ತಿದ್ದರೆ ಚೆಂದವೇ, ಆದರೆ ನ್ಯೂಸ್ ನದಿಯ ಜಲಾನಯನದಲ್ಲಿ ತೊರೆಯ ಎರಡೂ ಬದಿ 50 ಅಡಿ ಕಾಯ್ದಿಟ್ಟ ಜಾಗ. ಅಲ್ಲಿ ಮರ ಕಡಿದು ಬದನೆ ಹಾಕುವ ಹಾಗಿಲ್ಲ. ಫೆಮಾ, ಅಂದರೆ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯ ನೆರೆ ನಕ್ಷೆಯನ್ನೂ ತೆಗೆದು ನೋಡಿ. ಮಾಮೂಲಿ ಮನೆ ಇನ್ಶೂರೆನ್ಸ್ ನೆರೆ ನೀರಿಗೆ ದುಡ್ಡು ಕೊಡುವುದಿಲ್ಲ.

ಇನ್‌ಸ್ಪೆಕ್ಟರ್‌ಗೆ ಬಿಡದೆ ಒಂದನ್ನು ನೀವೇ ನೋಡಬೇಕು: ಒಗ್ಗರಣೆ ಹೊಗೆ ಎಲ್ಲಿಗೆ ಹೋಗುತ್ತದೆ? ಒಲೆ ಮೇಲೆ ಮೈಕ್ರೋವೇವ್ ಕೂರಿಸಿದ್ದರೆ ಅದರ ಮೇಲಿನ ಕಪಾಟು ತೆರೆಯಿರಿ. ತಗಡಿನ ಕೊಳವೆ ಮೇಲಕ್ಕೋ ಗೋಡೆಗೋ ಹೋಗಿದ್ದರೆ ಹೊಗೆ ಹೊರಗೆ ಹೋಗುತ್ತದೆ. ಕೊಳವೆ ಇಲ್ಲದೆ ಮಸಾಲೆ ಡಬ್ಬಿ ಜೋಡಿಸಿದ್ದರೆ ಆ ಫ್ಯಾನ್ ಮೆಣಸಿನಕಾಯಿ ಘಾಟನ್ನು ಸೋಸಿ ನಿಮ್ಮ ಮುಖಕ್ಕೇ ವಾಪಸ್ ಊದುತ್ತದೆ. ನಾಲ್ಕು ಒಣಮೆಣಸಿನಕಾಯಿ ಹುರಿದರೆ ಮನೆಯ ಅಲಾರಂಗಳೆಲ್ಲ ಒಟ್ಟಿಗೆ ಕೂಗುತ್ತವೆ. ಒಲೆ ಹೊರಗೋಡೆಗೆ ತಾಗಿದ್ದರೆ ಕೊಳವೆ ಹಾಕಿಸುವುದು ಸುಲಭ. ನಡುವಿನ ಕಟ್ಟೆ ಮೇಲೆ ಒಲೆ ಇದ್ದರೆ ನಾನು ಎರಡು ಸಲ ಯೋಚಿಸುತ್ತೇನೆ.

ವಾಸ್ತು ನೋಡುವವರು ಅದನ್ನು ಮೊದಲೇ ಏಜೆಂಟಿಗೆ ಹೇಳಿ. ಪೂರ್ವ ಬಾಗಿಲು ಬೇಕು ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, ಕೇಳಿ ಕೇಳಿ ಅಭ್ಯಾಸವಾಗಿದೆ. ಫೀ ಕಟ್ಟಿದ ಮೇಲೆ ಊರಿಗೆ ವಿಡಿಯೊ ಕಾಲ್ ಮಾಡಿ ಮಾವನವರ ಅಭಿಪ್ರಾಯ ಕೇಳುವುದು ಮಾತ್ರ ಬೇಡ.

ಎಚ್‌ಒಎ

ಮನೆ ನಿಮ್ಮದು, ಬಾಗಿಲ ಬಣ್ಣ ಸಂಘದ್ದು. ಬೇಲಿ, ಡೆಕ್, ಬಟ್ಟೆ ಒಣಹಾಕುವುದು, ರಸ್ತೆಯಲ್ಲಿ ಕಾರು ನಿಲ್ಲಿಸುವುದು ಎಲ್ಲಕ್ಕೂ ನಿಯಮ ಇರಬಹುದು. ತಿಂಗಳ ಶುಲ್ಕ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ನಿಯಮದ ಪುಸ್ತಕ, ಈ ವರ್ಷದ ಬಜೆಟ್, ಕಳೆದ ಸಭೆಗಳ ಟಿಪ್ಪಣಿ ತರಿಸಿ ಓದಿ. ಬಾಕಿ ಉಳಿಸಿದರೆ ಮನೆ ಮೇಲೆ ಹಕ್ಕು ಹಾಕಿ ಹರಾಜಿನವರೆಗೂ ಹೋಗುವ ಅಧಿಕಾರ ಈ ರಾಜ್ಯದಲ್ಲಿ ಅವರಿಗಿದೆ. ವರಮಹಾಲಕ್ಷ್ಮಿಗೆ ಮೂವತ್ತು ಜನ ಮುತ್ತೈದೆಯರನ್ನು ಕರೆಯುವವರಾದರೆ ಅತಿಥಿ ಪಾರ್ಕಿಂಗ್ ನಿಯಮ ವಿಶೇಷವಾಗಿ ಓದಿ, ಅದರಲ್ಲೂ ಟೌನ್‌ಹೋಮ್ ಆದರೆ. ನೀವು ಸೇರಿದ ಮೇಲೆ ವಾರ್ಷಿಕ ಸಭೆಗೆ ಹೋಗಿ. ನಮ್ಮವರು ಹೋಗುವುದಿಲ್ಲ, ಆಮೇಲೆ ವಾಟ್ಸಾಪಿನಲ್ಲಿ ಗೊಣಗುತ್ತಾರೆ.

ದುಡ್ಡಿನ ಮಾತು

ಕಡಿಮೆ ಅಂದರೂ ಮೂರು ಕಡೆ ಸಾಲ ವಿಚಾರಿಸಿ, ಎಲ್ಲರಿಂದಲೂ ಲೋನ್ ಎಸ್ಟಿಮೇಟ್, ಅಂದರೆ ಸಾಲದ ಖರ್ಚಿನ ಅಂದಾಜು ಪತ್ರ, ತೆಗೆದುಕೊಳ್ಳಿ. ಎರಡನೇ ಪುಟದ ಎ ವಿಭಾಗ ಹೋಲಿಸಿ. ಬ್ಯಾಂಕು ತನಗೆ ಅಂತ ತೆಗೆದುಕೊಳ್ಳುವುದು ಅಲ್ಲೇ ಇರುತ್ತದೆ. ಎಚ್-1ಬಿ ಕೆಲಸದ ವೀಸಾ ಇದ್ದವರಿಗೆ ಕನ್ವೆನ್ಷನಲ್ ಸಾಲ, ಅಂದರೆ ಸರ್ಕಾರಿ ಖಾತ್ರಿ ಇಲ್ಲದ ಮಾಮೂಲಿ ಸಾಲ, ಸಿಗುತ್ತದೆ. ಸರ್ಕಾರಿ ಖಾತ್ರಿಯ ಎಫ್‌ಎಚ್‌ಎ ಸಾಲ ಮಾತ್ರ 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದವರಿಗೆ ನಿಂತಿದೆ. ಕೆಲಸ ಹೋದರೆ ಎಚ್-1ಬಿಯಲ್ಲಿ ಬೇರೆ ದಾರಿ ನೋಡಿಕೊಳ್ಳಲು 60 ದಿನದ ಗಡುವು ಇರುವುದರಿಂದ, ಇಬ್ಬರೂ ದುಡಿಯುತ್ತಿದ್ದರೂ ಒಬ್ಬರ ಸಂಬಳದಲ್ಲಿ ಕಂತು ನಡೆಯುವ ಹಾಗೆ ಮನೆ ನೋಡಿ ಅನ್ನುತ್ತೇನೆ ನಾನು.

ಅಪ್ಪ ಅಮ್ಮ ಊರಿಂದ ದುಡ್ಡು ಕಳಿಸುವುದಾದರೆ ಆಫರ್‌ಗೆ ತಿಂಗಳುಗಟ್ಟಲೆ ಮೊದಲೇ ತರಿಸಿ. ಬ್ಯಾಂಕು ಗಿಫ್ಟ್ ಲೆಟರ್, ಅಂದರೆ ಇದು ಸಾಲವಲ್ಲ ಉಡುಗೊರೆ ಅನ್ನುವ ಪತ್ರ, ಕೇಳುತ್ತದೆ, ದುಡ್ಡು ಎಲ್ಲಿಂದ ಬಂತು ಅಂತಲೂ ಕೇಳುತ್ತದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಗಿಫ್ಟ್ 10 ಲಕ್ಷ ರೂಪಾಯಿ ದಾಟಿದರೆ ಮೇಲಿನ ಮೊತ್ತಕ್ಕೆ ಕಳಿಸುವಾಗಲೇ 20% ಟಿಸಿಎಸ್ ತೆರಿಗೆ ಹಿಡಿಯುತ್ತಾರೆ. ಕಳಿಸಿದವರು ಅಲ್ಲಿ ರಿಟರ್ನ್ ಹಾಕಿ ವಾಪಸ್ ಕೇಳಬಹುದು, ಆದರೆ ಅಲ್ಲಿವರೆಗೆ ಆ ದುಡ್ಡು ಕೈಗಿಲ್ಲ. ಇಲ್ಲಿ ನಿಮಗೆ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿ ಬಂದರೆ ತೆರಿಗೆ ಇಲಾಖೆಗೆ ಫಾರಂ 3520 ತುಂಬಬೇಕು. ಅದಕ್ಕೆ ತೆರಿಗೆ ಇಲ್ಲ, ತುಂಬದಿದ್ದರೆ ದಂಡ ಭಾರಿ.

ಮನೆ ತೆರಿಗೆಯಲ್ಲಿ ಕೌಂಟಿಯದ್ದು, ಊರಿನದ್ದು ಎರಡೂ ಸೇರುತ್ತದೆ. ವೇಕ್ ಕೌಂಟಿ 2024ರಲ್ಲಿ ಎಲ್ಲ ಮನೆಗಳ ಬೆಲೆ ಮರು ಲೆಕ್ಕ ಹಾಕಿತು. ಹೊಸ ಮನೆ ಕೊಳ್ಳುವವರು ಒಂದು ನೆನಪಿಡಿ. ಮೊದಲ ಬಿಲ್ಲು ಬರೀ ಜಾಗಕ್ಕೆ ಬಂದಿರಬಹುದು. ಮುಂದಿನ ವರ್ಷ ಪೂರ್ತಿ ಮನೆಗೆ ಬಿಲ್ಲು ಬಂದಾಗ ತಿಂಗಳ ಕಂತು ದಿಢೀರ್ ಏರುತ್ತದೆ.

ಬೀಗದ ಕೈ

ಇಲ್ಲಿ ಕ್ಲೋಸಿಂಗ್, ಅಂದರೆ ಕೊನೆಯ ಸಹಿ ಮತ್ತು ದುಡ್ಡಿನ ವಿಲೇವಾರಿ, ಮಾಡಿಸುವುದು ವಕೀಲರು. ಸಹಿ ಹಾಕಿದ ಕೂಡಲೇ ಕೀ ಸಿಗುವುದಿಲ್ಲ. ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ಪತ್ರ ದಾಖಲಾಗಬೇಕು. ಹಾಗಾಗಿ ಶುಕ್ರವಾರ ಮಧ್ಯಾಹ್ನ ಸಹಿ, ಶನಿವಾರ ಬೆಳಿಗ್ಗೆ ಮುಹೂರ್ತ ಅಂತ ಇಟ್ಟುಕೊಳ್ಳಬೇಡಿ. ದುಡ್ಡು ವೈರ್ ಮಾಡುವ ಮೊದಲು, ವಕೀಲರ ಕಚೇರಿಗೆ ನಿಮಗೆ ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಖಾತೆ ಸಂಖ್ಯೆಯನ್ನು ಬಾಯಲ್ಲಿ ಹೇಳಿಸಿಕೊಳ್ಳಿ. "ಖಾತೆ ಬದಲಾಗಿದೆ" ಅಂತ ಬರುವ ಇಮೇಲ್ ಕಳ್ಳರದ್ದು ಅಂತಲೇ ತಿಳಿಯಿರಿ.

ಗೃಹಪ್ರವೇಶಕ್ಕೆ ಹೋಮ ಇದ್ದರೆ ಗರಾಜಿನಲ್ಲಿ ದೊಡ್ಡ ಬಾಗಿಲು ಪೂರ್ತಿ ತೆಗೆದು ಮಾಡಿ. ಪುರೋಹಿತರಿಗೆ ಇದು ಗೊತ್ತಿರುತ್ತದೆ. ಅಲಾರಂ ಕಂಪನಿ ನಿಗಾ ಇದ್ದರೆ ಅವರಿಗೆ ಫೋನ್ ಮಾಡಿ ಆ ಬೆಳಿಗ್ಗೆ ಟೆಸ್ಟ್ ಮೋಡ್‌ಗೆ ಹಾಕಿಸಿ, ಇಲ್ಲದಿದ್ದರೆ ಪೂರ್ಣಾಹುತಿಗೆ ಫೈರ್ ಇಂಜಿನ್ ಬರುತ್ತದೆ. ಎಡ ಬಲದ ಮನೆಗಳಿಗೂ ಒಂದು ಮಾತು ಹೇಳಿ, ಊಟಕ್ಕೂ ಕರೆಯಿರಿ. ಬರುತ್ತಾರೆ, ಕೈಯಲ್ಲಿ ಪೈ ಹಿಡಿದುಕೊಂಡೇ ಬರುತ್ತಾರೆ. ಹಾಲು ಉಕ್ಕಿಸುವ ಗಡಿಬಿಡಿಯಲ್ಲಿ ವಿಳಾಸ ಬದಲಾವಣೆ ಮರೆಯಬೇಡಿ. ಡ್ರೈವಿಂಗ್ ಲೈಸೆನ್ಸ್‌ಗೆ 60 ದಿನ ಸಮಯ ಇದೆ. ವೀಸಾದವರು, ಗ್ರೀನ್ ಕಾರ್ಡಿನವರು ವಲಸೆ ಇಲಾಖೆಗೆ ವಿಳಾಸ ತಿಳಿಸುವ ಎಆರ್-11 ಫಾರಂ ತುಂಬಲು ಇರುವುದು 10 ದಿನ ಮಾತ್ರ. ಆನ್‌ಲೈನ್‌ನಲ್ಲಿ ಮುಗಿಯುತ್ತದೆ, ದುಡ್ಡಿಲ್ಲ, ಮನೆಯಲ್ಲಿ ಇರುವ ಅಂಥ ಒಬ್ಬೊಬ್ಬರಿಗೂ ಬೇರೆ ಬೇರೆ ತುಂಬಬೇಕು.